ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಕಣಿವೆಗಳು

ದೇವರಾಯನದುರ್ಗದ ಬೆಟ್ಟಸಾಲಿನ ದಕ್ಷಿಣಕ್ಕೆ ಹುಟ್ಟುವ ಶಿಂಷಾ ನದಿ, ಕುಣಿಗಲ್ ತಾಲ್ಲೂಕಿನಲ್ಲಿ ಅದಕ್ಕೆ ಉಪನದಿಯಾಗಿರುವ ನಾಗಿನಿ, ಇವೆರಡಕ್ಕೂ ಬಂದು ಬೀಳುವ ಅಸಂಖ್ಯ ಹಳ್ಳಗಳು ಲಕ್ಷಾಂತರ ವರ್ಷ ಹರಿದು ಸವೆಸಿದ ತಗ್ಗುನೆಲಗಳೇ ಈ ಕಣಿವೆಗಳು. ತುಮಕೂರು ನಗರ, ಗುಬ್ಬಿ, ಕಡಬ, ಎಡೆಯೂರು, ಕುಣಿಗಲ್ ಮೊದಲಾದ ಊರುಗಳು ಇವುಗಳ ಒಳಗೋ ಅಂಚಿನಲ್ಲೋ ಬೆಳೆದಿವೆ. ಇವು ಆಳವಾದ ಕಣಿವೆಗಳಲ್ಲ. ಶರಾವತಿ, ಕಾಳಿ, ಅಘನಾಶಿನಿಗಳನ್ನು ಕಂಡವರಿಗೆ ಇಲ್ಲಿ ಕಣಿವೆ ಇದೆಯೆಂದೇ ಅನ್ನಿಸದು. ತುಮಕೂರಿನಿಂದ ಗುಬ್ಬಿಯ ಕಡೆಗೆ ಹೊರಟ ಬಸ್ಸು ಒಂದೆಡೆ ಸ್ವಲ್ಪ ಇಳಿಯುತ್ತದೆ, ಎರಡೂ ಬದಿಯಲ್ಲಿ ಅಡಿಕೆ ತೋಟ ದಟ್ಟವಾಗಿ ಗಾಳಿ ತಣ್ಣಗಾಗುತ್ತದೆ. ಮತ್ತೆ ರಸ್ತೆ ಏರುತ್ತದೆ, ರಾಗಿಯ ಹೊಲ, ಹುಣಸೆ ಮರ, ಕೆಂಪು ಮಣ್ಣು ಕಾಣುತ್ತವೆ. ಆ ಇಳಿತಕ್ಕೂ ಏರಿಗೂ ನಡುವೆ ದಾಟಿದ್ದೇ ಕಣಿವೆ. ನೋಟಕ್ಕೆ ಇಷ್ಟು ಸಾಧಾರಣವಾದ ಈ ತಗ್ಗಿಗೆ ಜನ ಅಡ್ಡಲಾಗಿ ಏರಿ ಕಟ್ಟಿ ಅದನ್ನು ಕೆರೆಗಳ ಸರಣಿಯಾಗಿ ಮಾಡಿಕೊಂಡದ್ದು ಈ ಸೀಮೆಯ ಇತಿಹಾಸದ ಮುಖ್ಯ ಸಂಗತಿ. ಇಲ್ಲಿನ ಊರು, ಬೆಳೆ, ದೇವರು, ಜಗಳ, ಹಾಡು ಎಲ್ಲವೂ ಅದಕ್ಕೆ ಅಂಟಿಕೊಂಡಿವೆ.

ನೆಲ ಮತ್ತು ನೀರಿನ ದಾರಿ

ದಕ್ಷಿಣದಲ್ಲಿ ಕನಕಪುರ, ರಾಮನಗರಗಳಿಂದ ಮಾಗಡಿಯ ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿಗಳ ಮೇಲೆ ಹಾದು ಉತ್ತರಕ್ಕೆ ಸಾಗುವ ಗ್ರಾನೈಟ್ ಪಟ್ಟಿಯೊಂದಿದೆ. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆಯಾದ್ದರಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಸುತ್ತಲಿನ ನೈಸ್ ಶಿಲೆ ಬಿಸಿಲು ಮಳೆಗೆ ಕೊಳೆತು ಮಣ್ಣಾದಾಗಲೂ ಈ ಗಟ್ಟಿ ಕಲ್ಲು ಬೆಟ್ಟವಾಗಿ ನಿಂತಿತು. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದ ದೇವರಾಯನದುರ್ಗ ಹಾಗೆ ಉಳಿದ ಬೆಟ್ಟ. ಅದರ ಬುಡದ ತುಮಕೂರು ನಗರ ಸುಮಾರು 820 ಮೀಟರ್ ಎತ್ತರದಲ್ಲಿದೆ. ಶಿಂಷೆಗೆ ಅಡ್ಡಲಾಗಿ ಕುಣಿಗಲ್ ತಾಲ್ಲೂಕಿನಲ್ಲಿ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯದ ನೀರಿನ ಮಟ್ಟ 731.57 ಮೀಟರ್. ಬೆಟ್ಟದ ಬುಡ ದಾಟಿದ ಮೇಲೆ ನದಿ ಇಳಿಯುವುದು ಬಹಳ ಕಡಿಮೆ. ಹೀಗೆ ನಿಧಾನವಾಗಿ ಇಳಿಯುವ ನೆಲವಾದ್ದರಿಂದಲೇ ಸಣ್ಣ ಏರಿಯೊಂದು ಎಕರೆಗಟ್ಟಲೆ ನೀರನ್ನು ಹಿಡಿದು ನಿಲ್ಲಿಸಬಲ್ಲದು.

ದೇವರಾಯನದುರ್ಗವು ಎರಡು ನದೀಸೀಮೆಗಳನ್ನು ಬೇರೆ ಮಾಡುವ ದಿಣ್ಣೆ. ದಕ್ಷಿಣದ ಇಳಿಜಾರಿಗೆ ಬಿದ್ದ ಮಳೆ ಶಿಂಷೆಯಾಗಿ ಗುಬ್ಬಿ, ತುರುವೇಕೆರೆ, ಕುಣಿಗಲ್ ತಾಲ್ಲೂಕುಗಳನ್ನು ಹಾದು ಮದ್ದೂರಿನ ಮೂಲಕ ಹೋಗಿ ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿಯನ್ನು ಸೇರುತ್ತದೆ. ನದಿಯ ಉದ್ದ ಸುಮಾರು 221 ಕಿಲೋಮೀಟರ್. ಅದೇ ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿದು ಆಂಧ್ರದ ಗಡಿಯಾಚೆ ಉತ್ತರ ಪಿನಾಕಿನಿಗೆ ಸೇರುತ್ತದೆ. ಒಂದೇ ಮೋಡ ಸುರಿಸಿದ ಮಳೆಯಲ್ಲಿ ಒಂದು ಪಾಲು ಪೂಂಪುಹಾರ್ ಕಡೆಗೂ ಇನ್ನೊಂದು ಪಾಲು ನೆಲ್ಲೂರಿನ ಕಡೆಗೂ ಹೊರಡುವುದು ಈ ಬೆಟ್ಟದ ನೆತ್ತಿಯಿಂದ. ಬೆಟ್ಟದ ನಡುವಿನ ನಾಮದ ಚಿಲುಮೆ ಬಂಡೆಯ ಬಿರುಕಿನಿಂದ ವರ್ಷವಿಡೀ ಒಸರುತ್ತದೆ. ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಬೇಕಾದಾಗ ರಾಮ ಬಾಣ ಬಿಟ್ಟು ಇದನ್ನು ಚಿಮ್ಮಿಸಿದನೆಂದು ಜನ ಹೇಳುತ್ತಾರೆ. ಬೆಟ್ಟದ ಕಾಡು ಹಿಡಿದಿಟ್ಟ ಮಳೆಯೇ ಹೀಗೆ ಬೇಸಗೆಯಲ್ಲೂ ಹೊರಬರುತ್ತದೆ ಎನ್ನುವುದು ನೀರಿನ ಲೆಕ್ಕ. ಬೆಟ್ಟವನ್ನು ಬೋಳು ಮಾಡಬಾರದೆನ್ನುವುದಕ್ಕೆ ಕಥೆಯೂ ಲೆಕ್ಕವೂ ಎರಡೂ ಆಧಾರ.

ಉತ್ತರದ ಕಣಿವೆಗಳ ಸ್ವಭಾವ ಬೇರೆ. ಕೊರಟಗೆರೆ, ಮಧುಗಿರಿ, ಪಾವಗಡಗಳ ಕಡೆ ಹೊಳೆಗಳಲ್ಲಿ ಮರಳು ಹೆಚ್ಚು, ಮೇಲೆ ಹರಿಯುವ ನೀರು ಕಡಿಮೆ. ಅಲ್ಲಿಯ ರೈತರು ಮರಳಿನಡಿಯ ಒರತೆಯನ್ನು ಕಾಲುವೆ ತೋಡಿ ಹೊರಗೆ ಹರಿಸಿಕೊಂಡರು. ಅದಕ್ಕೆ ತಲಪರಿಗೆ ಎಂದು ಹೆಸರು. ದಕ್ಷಿಣದ ಶಿಂಷಾ ಸೀಮೆಯಲ್ಲಿ ನೀರನ್ನು ಮೇಲೆಯೇ ತಡೆದು ನಿಲ್ಲಿಸುವ ಕೆರೆಯೇ ಪ್ರಧಾನ. ಈ ಲೇಖನ ಹೆಚ್ಚಾಗಿ ಆ ಭಾಗವನ್ನು ಕುರಿತದ್ದು.

ಜನ ಕಣಿವೆಯನ್ನು ಗುರುತಿಸಿದ ಬಗೆ

ಹಳೆಯ ಮೈಸೂರಿನ ಬಯಲುಸೀಮೆಯ ಮಾತಿನಲ್ಲಿ ಕಣಿವೆ ಎಂದರೆ ಹೆಚ್ಚಾಗಿ ಎರಡು ಗುಡ್ಡಗಳ ನಡುವಿನ ಇಕ್ಕಟ್ಟು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಬೋರನಕಣಿವೆಯಲ್ಲಿ ಜಲಾಶಯ ಕಟ್ಟಿದ್ದು ಅಂಥ ಇಕ್ಕಟ್ಟಿನಲ್ಲಿ. ಹಿರಿಯೂರಿನ ಬಳಿ ವೇದಾವತಿಗೆ ವಾಣಿವಿಲಾಸ ಸಾಗರವನ್ನು 1907ರಲ್ಲಿ ಕಟ್ಟಿ ಮುಗಿಸಿದ ಮಾರಿಕಣಿವೆಯೂ ಅಂಥದೇ. ಶಿಂಷೆಯ ಅಗಲವಾದ ತಗ್ಗನ್ನು ಇಲ್ಲಿಯ ರೈತ ಒಂದು ಹೆಸರಿನಿಂದ ಕರೆಯುವುದಿಲ್ಲ, ಭಾಗಭಾಗವಾಗಿ ಕರೆಯುತ್ತಾನೆ. ಮೇಲಿನ ಒಣನೆಲ ಬೆದ್ದಲು, ಕೆರೆಗೆ ನೀರು ತರುವುದು ಹಳ್ಳ, ನೀರು ನಿಲ್ಲುವ ಜಾಗ ಕೆರೆಯಂಗಳ, ಏರಿಯ ಕೆಳಗೆ ಗದ್ದೆಬಯಲು, ಅದರಾಚೆ ತೋಟದ ಸಾಲು. ಕಂದಾಯದ ಲೆಕ್ಕದಲ್ಲಿ ಇವೇ ಖುಷ್ಕಿ, ತರಿ, ಬಾಗಾಯ್ತು ಆದವು.

ಇದಕ್ಕಿಂತ ಹಳೆಯ ವಿವರಣೆ ಶಾಸನಗಳಲ್ಲಿದೆ. ತುಮಕೂರು ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 'ಎಪಿಗ್ರಾಫಿಯ ಕರ್ನಾಟಿಕ'ದ 12ನೆಯ ಸಂಪುಟದಲ್ಲಿ 1904ರಲ್ಲಿ ಪ್ರಕಟಿಸಿದರು. ಕನ್ನಡ ದಾನಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವ ರೀತಿ ಗಮನಿಸಬೇಕಾದದ್ದು. ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ಹಿಡಿದು ಹೋಗುತ್ತ ಹಳ್ಳ, ಕೋಡಿ, ಕಲ್ಲುಗುಂಡು, ಮರಗಳನ್ನು ಒಂದೊಂದಾಗಿ ಹೆಸರಿಸುತ್ತಾರೆ. ಕೆರೆ ಕಟ್ಟಿಸಿದವನಿಗೆ, ಕೆರೆಯನ್ನು ನೋಡಿಕೊಳ್ಳುವವನಿಗೆ ಬಿಟ್ಟುಕೊಟ್ಟ ಭೂಮಿಯನ್ನು ಬಿತ್ತುವಟ್ಟ ಎಂದು ಕರೆದಿದ್ದಾರೆ. ಕಣಿವೆಯ ಸೊಬಗನ್ನು ಕುರಿತು ಈ ಬರಹಗಳಲ್ಲಿ ಒಂದು ಮಾತೂ ಸಿಗದು, ಆದರೆ ನೀರು ಎಲ್ಲಿ ನುಗ್ಗುತ್ತದೆ, ಎಲ್ಲಿ ತಿರುಗುತ್ತದೆ ಎನ್ನುವುದು ತಪ್ಪದೆ ಇರುತ್ತದೆ. ನೆಲದ ವರ್ಣನೆಯಾಗಿ ನನಗೆ ಇವು ಅನೇಕ ಪ್ರವಾಸಕಥನಗಳಿಗಿಂತ ನಂಬಲರ್ಹವಾಗಿ ಕಾಣುತ್ತವೆ.

ಹೊರಗಿನಿಂದ ಬಂದು ಬರೆದವರಲ್ಲಿ ಫ್ರಾನ್ಸಿಸ್ ಬುಕಾನನ್ ಮುಖ್ಯ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮರುವರ್ಷ ಕಂಪನಿ ಸರ್ಕಾರ ಈ ವೈದ್ಯನನ್ನು ಮೈಸೂರು, ಕೆನರಾ, ಮಲಬಾರ್ ಸೀಮೆಗಳ ಸ್ಥಿತಿ ತಿಳಿದುಬರಲು ಕಳಿಸಿತು. ಅವನು ಗುಬ್ಬಿಗೂ ಬಂದ. ಇಲ್ಲಿಯ ಪೇಟೆಯ ವ್ಯಾಪಾರ, ಸುತ್ತಲಿನ ಅಡಿಕೆ ತೆಂಗಿನ ತೋಟಗಳ ಕೃಷಿಕ್ರಮ, ತೆರಿಗೆ, ಮಣ್ಣು ಎಲ್ಲವನ್ನೂ ಕೇಳಿ ಬರೆದುಕೊಂಡ. ಅವನ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ಅವನದು ಆಳುವವರಿಗಾಗಿ ನೋಡಿದ ನೋಟ, ಎಷ್ಟು ಉತ್ಪತ್ತಿ ಎಷ್ಟು ಕಂದಾಯ ಎನ್ನುವುದೇ ಅದರ ಗುರಿ. ಹಾಗಿದ್ದರೂ ಶಿಂಷಾ ಸೀಮೆಯ ತೋಟಗಾರಿಕೆ ಇನ್ನೂರು ವರ್ಷಗಳ ಹಿಂದೆಯೇ ಎಷ್ಟು ಪಳಗಿತ್ತೆಂಬುದಕ್ಕೆ ಅದು ಗಟ್ಟಿ ಸಾಕ್ಷಿ.

ಏರಿ, ತೂಬು, ಕೋಡಿ

ಈ ಸೀಮೆಯ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ ಬರುತ್ತದೆ. ಮುಂಗಾರು ಬಿತ್ತನೆಗೆ ಸಾಕಾದರೂ ಕೆರೆ ತುಂಬಿಸುವುದು ಹಸ್ತ, ಚಿತ್ತೆ, ಸ್ವಾತಿ ಮಳೆಗಳು. ಎರಡು ಮೂರು ರಾತ್ರಿ ಜೋರಾಗಿ ಹುಯ್ದರೆ ಹಳ್ಳಗಳು ಕಟ್ಟೆಯೊಡೆದಂತೆ ಹರಿದು ಆಮೇಲೆ ಬತ್ತಿಬಿಡುತ್ತವೆ. ಹೀಗೆ ಬಂದು ಹೀಗೆ ಹೋಗುವ ನೀರನ್ನು ಮುಂದಿನ ಮೇ ತಿಂಗಳವರೆಗೆ ಉಳಿಸಿಕೊಳ್ಳುವ ಉಪಾಯವೇ ಕೆರೆ.

ಏರಿಯನ್ನು ಕಣಿವೆಯ ಒಂದು ಮಗ್ಗುಲಿನ ದಿಣ್ಣೆಯಿಂದ ಇನ್ನೊಂದು ಮಗ್ಗುಲಿನ ದಿಣ್ಣೆಗೆ ಮಣ್ಣಿನಿಂದ ಕಟ್ಟುತ್ತಾರೆ, ನೀರಿನ ಬದಿಗೆ ಕಲ್ಲು ಹೊದಿಸುತ್ತಾರೆ. ತಳದಲ್ಲಿ ತೂಬು ಇರುತ್ತದೆ, ಅದರ ಮೂಲಕ ಬೇಕಾದಷ್ಟೇ ನೀರನ್ನು ಕಾಲುವೆಗೆ ಬಿಡುತ್ತಾರೆ. ಒಂದು ಕೊನೆಯಲ್ಲಿ ಕೋಡಿ ಇರುತ್ತದೆ, ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಅಲ್ಲಿಂದ ಹೊರಬಿದ್ದು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಮೇಲಿನ ಊರಿನವರ ಕೋಡಿ ಕೆಳಗಿನ ಊರಿನವರ ಕೆರೆಗೆ ತಾಯಿ. ಒಂದೇ ಹಳ್ಳದ ಉದ್ದಕ್ಕೂ ಕೆರೆಯ ಕೆಳಗೆ ಕೆರೆ ಬರುವುದರಿಂದ ಕಣಿವೆ ಮೆಟ್ಟಿಲು ಮೆಟ್ಟಿಲಾಗಿ ನೀರು ಹಿಡಿಯುತ್ತದೆ. ಶ್ರೀಲಂಕಾದ ಒಣಸೀಮೆಯಲ್ಲೂ ಇಂಥ ಕೆರೆ ಸರಣಿಗಳಿವೆ. ಅವುಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಗುರುತಿಸಿದೆ. ಮೈಸೂರು ಸೀಮೆಯ ಸರಣಿಗಳೂ ಅದೇ ಗೌರವಕ್ಕೆ ತಕ್ಕವು.

ನೀರು ಹಂಚುವವನು ನೀರುಗಂಟಿ. ಯಾರ ಗದ್ದೆಗೆ ಯಾವ ಹೊತ್ತು, ಬರ ಬಂದರೆ ಯಾವ ಭಾಗವನ್ನು ಬೀಳುಬಿಡಬೇಕು, ತೂಬನ್ನು ಎಷ್ಟು ಎತ್ತಬೇಕು ಎನ್ನುವ ತಿಳಿವಳಿಕೆ ಅವನ ಮನೆತನದಲ್ಲಿ ತಲೆಮಾರುಗಳಿಂದ ಇಳಿದುಬಂದಿರುತ್ತಿತ್ತು. ಈ ಕೆಲಸ ಮಾಡುತ್ತಿದ್ದವರು ಬಹುಪಾಲು ದಲಿತ ಮನೆತನದವರು. ಕಣಿವೆಯ ಬದುಕನ್ನು ಬರಿ ಸಾಮರಸ್ಯದ ಚಿತ್ರವಾಗಿ ಬರೆಯುವವರು ಇದನ್ನು ಮರೆಯಬಾರದು. ಕೆರೆಯ ಹಿಂದಿನ ಒಳ್ಳೆಯ ತೋಟ ಊರಿನ ಬಲಾಢ್ಯರದಾಗಿರುತ್ತಿತ್ತು, ರಾತ್ರಿಯೆಲ್ಲ ಎದ್ದು ಆ ತೋಟಕ್ಕೆ ನೀರು ಕಟ್ಟಿದವನಿಗೆ ಸಿಗುತ್ತಿದ್ದುದು ಸುಗ್ಗಿಯಲ್ಲಿ ಒಂದಿಷ್ಟು ಕಾಳು, ಸಣ್ಣದೊಂದು ಇನಾಮು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೋಟಿ, ತಳವಾರಿಕೆಗಳ ಜತೆ ನೀರುಗಂಟಿಕೆಯ ವಂಶಪಾರಂಪರ್ಯವನ್ನೂ ತೆಗೆದುಹಾಕಿತು. ನ್ಯಾಯದ ದೃಷ್ಟಿಯಿಂದ ಅದು ಆಗಬೇಕಾದದ್ದೇ. ಆದರೆ ಆ ಮನೆತನಗಳ ತಿಳಿವಳಿಕೆಗೆ ಗೌರವದ ಸಂಬಳ ಕೊಟ್ಟು ಉಳಿಸಿಕೊಳ್ಳುವ ವ್ಯವಸ್ಥೆ ಅದರ ಬೆನ್ನಿಗೆ ಬರಲಿಲ್ಲ, ಬಹಳ ಕಡೆ ತೂಬು ಯಾರದೂ ಅಲ್ಲದಂತಾಯಿತು.

ಕೆರೆ ತುಂಬಿ ಕೋಡಿ ಬಿತ್ತೆಂದರೆ ಊರಿಗೆ ಊರೇ ಏರಿಯ ಮೇಲೆ. ಹೆಂಗಸರು ಮಡಿಲಕ್ಕಿ, ಬಳೆ, ಅರಿಸಿನ ಕುಂಕುಮಗಳ ಬಾಗಿನ ಬಿಟ್ಟು ಗಂಗೆಗೆ ಪೂಜೆ ಮಾಡುತ್ತಾರೆ. ಕೋಡಿಯ ಬಳಿ ಒಂದು ಕಲ್ಲೋ ಸಣ್ಣ ಗುಡಿಯೋ ಇದ್ದೇ ಇರುತ್ತದೆ. ಏರಿ ನಿಲ್ಲಲೆಂದು ಮನೆಯ ಸೊಸೆಯನ್ನೇ ಬಲಿಕೊಟ್ಟ ಕಥೆಗಳನ್ನೂ ಇದೇ ಜನ ಹೇಳುತ್ತ ಬಂದಿದ್ದಾರೆ. 'ಕೆರೆಗೆ ಹಾರ' ಅವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು. ನೀರಿನ ಹಿಗ್ಗನ್ನೂ ಅದಕ್ಕಾಗಿ ತೆತ್ತ ಬೆಲೆಯನ್ನೂ ಜನಪದರು ಎರಡು ಬೇರೆ ಹಾಡುಗಳಲ್ಲಿ ಕಾಪಾಡಿದ್ದಾರೆ.

ತುಮಕೂರು ತಾಲ್ಲೂಕಿನ ಗೂಳೂರಿನ ಗಣಪತಿ ಈ ಬಾಂಧವ್ಯದ ಇನ್ನೊಂದು ರೂಪ. ಗಣೇಶ ಚತುರ್ಥಿಯಂದು ಕೆರೆಯ ಮಣ್ಣು ತಂದು ಆಳೆತ್ತರ ಮೀರುವ ಮೂರ್ತಿಯನ್ನು ಮಾಡತೊಡಗುತ್ತಾರೆ, ಬಲಿಪಾಡ್ಯಮಿಯ ಹೊತ್ತಿಗೆ ಅದು ಮುಗಿಯುತ್ತದೆ. ಕಾರ್ತಿಕ ಮಾಸವಿಡೀ ಪೂಜೆ ನಡೆದ ಮೇಲೆ ಗೂಳೂರು ಕೆರೆಯಲ್ಲೇ ವಿಸರ್ಜನೆ. ಕಾಶಿಗೆ ಹೊರಟಿದ್ದ ಭೃಗು ಮಹರ್ಷಿ ಇಲ್ಲಿ ತಂಗಿ ಮೊದಲ ಮೂರ್ತಿ ಮಾಡಿದನೆಂದು ಪ್ರತೀತಿ. ಹದಿನೆಂಟು ಕೋಮಿನವರು ಸೇರಿ ನಡೆಸುವ ಉತ್ಸವವಿದು. ಕೆರೆ ತುಂಬುವ ಕಾಲಕ್ಕೆ ಸರಿಯಾಗಿ ಕೆರೆಯ ಮಣ್ಣು ಊರೊಳಗೆ ಬಂದು ಮತ್ತೆ ಕೆರೆಗೆ ಹೋಗುತ್ತದೆ.

ಕಡಬ ಮತ್ತು ಗುಬ್ಬಿ

ಶಿಂಷೆ ತನ್ನ ದಾರಿಯಲ್ಲಿ ತುಂಬಿಸುವ ಮೊದಲ ದೊಡ್ಡ ಕೆರೆ ಗುಬ್ಬಿ ತಾಲ್ಲೂಕಿನ ಕಡಬದ್ದು. ಕದಂಬ ಋಷಿ ಇಲ್ಲಿ ತಪಸ್ಸು ಮಾಡಿದನೆಂದೂ ಲಂಕೆಯಿಂದ ಹಿಂತಿರುಗುವಾಗ ರಾಮ ಈ ಕೆರೆ ಕಟ್ಟಿಸಿದನೆಂದೂ ಸ್ಥಳಪುರಾಣ. ನದಿಗೆ ಕದಂಬಾ ಎಂಬ ಇನ್ನೊಂದು ಹೆಸರು ಇರುವುದೂ ಇದರಿಂದಲೇ. ರಾಷ್ಟ್ರಕೂಟರ ಮುಮ್ಮಡಿ ಗೋವಿಂದನ ಹೆಸರಿನ, 9ನೆಯ ಶತಮಾನದ ಆರಂಭದ ತಾಮ್ರಶಾಸನ ಕಡಬದಲ್ಲಿ ಸಿಕ್ಕಿದೆ. ಜಾಲಮಂಗಲವೆಂಬ ಗ್ರಾಮವನ್ನು ಜೈನಮುನಿ ಅರ್ಕಕೀರ್ತಿಗೆ ಕೊಟ್ಟ ವಿಷಯ ಅದರಲ್ಲಿದೆ. ಹೆಬ್ಬಾರ್ ಶ್ರೀವೈಷ್ಣವರು ತಮ್ಮ ಮೂಲಗ್ರಾಮಗಳಲ್ಲಿ ಕಡಬವನ್ನೂ ಎಣಿಸುತ್ತಾರೆ. ಜೈನರು, ಶೈವರು, ಶ್ರೀವೈಷ್ಣವರು ಒಬ್ಬರ ಬೆನ್ನಿಗೊಬ್ಬರು ಈ ಒಂದು ಕೆರೆಯ ಸುತ್ತ ನೆಲೆ ಕಂಡದ್ದು ಆಕಸ್ಮಿಕವಲ್ಲ. ಬತ್ತದ ನೀರು ಇರುವಲ್ಲಿ ದತ್ತಿಗೆ ಬೆಲೆ, ಮಠ ಬಸದಿಗಳಿಗೆ ಬಾಳಿಕೆ.

ಗುಬ್ಬಿ ಪಟ್ಟಣ ಸಂತೆಯಿಂದ ಬೆಳೆದ ಊರು. ಪಶ್ಚಿಮದ ಮಲೆನಾಡಿಗೂ ಪೂರ್ವದ ಬಯಲಿಗೂ ನಡುವೆ, ಸುತ್ತಲಿನ ಹಳ್ಳಗಳ ತೋಟದ ಫಸಲು ಬಂದು ಸೇರುವ ಜಾಗದಲ್ಲಿ ಅದಿದೆ. ಫಸಲಿನ ಹಣ ಪೇಟೆಯನ್ನೂ ಗುಡಿಯನ್ನೂ ರಂಗಭೂಮಿಯನ್ನೂ ಸಾಕಿತು. 16ನೆಯ ಶತಮಾನದಲ್ಲಿ 'ಭಾವಚಿಂತಾರತ್ನ', 'ವೀರಶೈವಾಮೃತ ಪುರಾಣ'ಗಳನ್ನು ಬರೆದ ಮಲ್ಲಣಾರ್ಯ ಗುಬ್ಬಿಯವನು. ಊರದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ಗುಬ್ಬಿ ವೀರಣ್ಣ ನಾಡಿನಾದ್ಯಂತ ಪ್ರಸಿದ್ಧಗೊಳಿಸಿದರು.

ತೋಟದ ರಚನೆಯಲ್ಲಿ ಕಣಿವೆಯ ಅಡ್ಡಕೊಯ್ತವೇ ಕಾಣುತ್ತದೆ. ತೀರ ತಗ್ಗಿನಲ್ಲಿ, ತೇವ ಆರದ ಬೂದುಬಣ್ಣದ ಮಣ್ಣಿನಲ್ಲಿ ಅಡಿಕೆ, ಅದರ ನೆರಳಲ್ಲಿ ವೀಳ್ಯದೆಲೆ, ಬಾಳೆ. ಅದರ ಅಂಚಿಗೆ, ಸ್ವಲ್ಪ ಎತ್ತರಕ್ಕೆ ತೆಂಗು. ಇನ್ನೂ ಮೇಲೆ ರಾಗಿ, ಅವರೆ, ಹುರುಳಿ. ಬದುಗಳಲ್ಲಿ ಹಲಸು, ಹುಣಸೆ, ಹೊಂಗೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು, ಅಲ್ಲಿಯ ರೈತರೊಬ್ಬರ ತೋಟದ ಕೆಂಪು ತೊಳೆಯ ತಳಿಯನ್ನು ಹಿರೇಹಳ್ಳಿಯ ಕೇಂದ್ರ ತೋಟಗಾರಿಕಾ ಪ್ರಯೋಗ ಕೇಂದ್ರ ಗುರುತಿಸಿ 'ಸಿದ್ದು' ಎಂಬ ಹೆಸರಿನಲ್ಲಿ ಹರಡಿತು. ತೆಂಗು ಮನೆಯ ಆಕಾರವನ್ನೂ ತೀರ್ಮಾನಿಸಿದೆ. ಉಂಡೆ ಕೊಬ್ಬರಿ ಮಾಡುವವರು ಸುಲಿಯದ ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಇಡುತ್ತಾರೆ. ಒಳಗಿನ ನೀರು ಇಂಗಿ ಗಿಟಕು ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಎನ್ನುವವರೆಗೆ ಕಾಯಬೇಕು. ಆಮೇಲೆ ಅದು ತಿಪಟೂರಿನ ಮಾರುಕಟ್ಟೆಗೆ ಹೋಗುತ್ತದೆ. ಹಾಗಾಗಿ ಹಳೆಯ ಮನೆಗಳಲ್ಲಿ ಜನ ಇರುವ ಜಾಗಕ್ಕಿಂತ ಕಾಯಿ ಇರುವ ಅಟ್ಟಕ್ಕೇ ಹೆಚ್ಚು ಆಸ್ಥೆ.

ತೋಟದ ಬೇಲಿಗಳಲ್ಲಿ ಇನ್ನೊಂದು ಜೀವ ಬಾಳುತ್ತದೆ. ದೊಡ್ಡ ಕಣ್ಣಿನ, ರಾತ್ರಿ ಓಡಾಡುವ ಕಾಡುಪಾಪ ತುಮಕೂರು ಜಿಲ್ಲೆಯಲ್ಲಿ ಗಣನೀಯವಾಗಿ ಉಳಿದಿದೆ, ಹೆಬ್ಬೂರಿನ ಕಡೆಯ ನಾಗವಲ್ಲಿ ಅದಕ್ಕೆ ಹೆಸರಾಗಿದೆ. ಒಂದಕ್ಕೊಂದು ತಾಗಿದ ಮರಗಳು, ಪೊದೆ ತುಂಬಿದ ಬೇಲಿ, ಹುಳುಹುಪ್ಪಟೆ ಇದ್ದರೆ ಸಾಕು, ಅದಕ್ಕೆ ದೊಡ್ಡ ಕಾಡು ಬೇಕಿಲ್ಲ. ಬೇಲಿ ಕಿತ್ತು ತಂತಿ ಎಳೆದ ಕಡೆ ಅದು ಮಾಯವಾಗುತ್ತದೆ. ಮೇಲಿನ ದಿಣ್ಣೆಗಳ ಕಥೆಯೂ ಬದಲಾಗುತ್ತಿದೆ. ಮೈಸೂರು ಅರಸರ ಕಾಲದಲ್ಲಿ ದನಗಳ ಮೇವಿಗೆ ಬಿಟ್ಟಿದ್ದ ಕಾವಲುಗಳು ಅಲ್ಲಿದ್ದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಈಗ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ. 615 ಎಕರೆಯ ಈ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು.

ಕುಣಿಗಲ್ ಮತ್ತು ನಾಗಿನಿ

ಕುಣಿಗಲ್ಲಿನ ದೊಡ್ಡ ಕೆರೆಯನ್ನು ಕಣ್ಣಾರೆ ಕಾಣದವರಿಗೂ ಅದು ಗೊತ್ತು, ಹಾಡಿನಿಂದ. ಕೆರೆಯ ಮೇಲೆ ಚಂದ್ರ ಮೂಡುವ ನೋಟವನ್ನೂ ಸಂತೆಗೆ ಹೋಗುವ ಹಾದಿಯ ಕಲ್ಲುಕಟ್ಟೆಯನ್ನೂ ಹೊಗಳುವ ಆ ಜನಪದ ಗೀತೆ ಮದುವೆ ಮನೆಯಿಂದ ಶಾಲೆಯ ವಾರ್ಷಿಕೋತ್ಸವದವರೆಗೆ ಎಲ್ಲ ಕಡೆ ಕೇಳಿಬರುತ್ತದೆ. ಬೆಟ್ಟವನ್ನೋ ಹೊಳೆಯನ್ನೋ ಬಿಟ್ಟು ಜನ ತಮ್ಮ ಕೈಯಾರೆ ಕಟ್ಟಿದ ನೀರನ್ನು ಇಷ್ಟು ಅಭಿಮಾನದಿಂದ ಹಾಡಿರುವುದು ಬಯಲುಸೀಮೆಯ ಮನಸ್ಸನ್ನು ಚೆನ್ನಾಗಿ ತೋರಿಸುತ್ತದೆ.

ನಾಗಿನಿಯ ದಂಡೆಯ ಕಗ್ಗೆರೆ ಇನ್ನೊಂದು ಮುಖ್ಯ ಸ್ಥಳ. ವಿಜಯನಗರದ ಕಾಲದಲ್ಲಿ ಬಾಳಿದ ಶರಣ ಸಿದ್ಧಲಿಂಗರು ಇಲ್ಲಿಯ ತೋಟವೊಂದರಲ್ಲಿ ದೀರ್ಘಕಾಲ ಶಿವಯೋಗದಲ್ಲಿ ಕುಳಿತರೆಂದು ಪರಂಪರೆ. ಅವರು ತೋಂಟದ ಸಿದ್ಧಲಿಂಗರೆನಿಸಿಕೊಂಡದ್ದು ಆ ತೋಟದಿಂದ. 'ಷಟ್‌ಸ್ಥಲ ಜ್ಞಾನಸಾರಾಮೃತ' ಅವರ ವಚನಗಳ ಸಂಗ್ರಹ. 12ನೆಯ ಶತಮಾನದ ಬಳಿಕ ಚದುರಿದ್ದ ವಚನಪರಂಪರೆಗೆ ಮತ್ತೆ ಉಸಿರು ಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಅವರು ಐಕ್ಯರಾದ ಎಡೆಯೂರು ಇಂದಿಗೂ ದೊಡ್ಡ ಯಾತ್ರಾಸ್ಥಳ. ವಿರಕ್ತರು ಸಾಮಾನ್ಯವಾಗಿ ಬೆಟ್ಟ ಗುಹೆ ಹುಡುಕುವ ನಾಡಿನಲ್ಲಿ ಈ ಯೋಗಿ ಕಣಿವೆಯ ತೋಟವನ್ನು ಆರಿಸಿಕೊಂಡರು, ಅಂದರೆ ರೈತರು ದಿನವೂ ನೀರು ಕಟ್ಟುವ ಜಾಗವನ್ನು.

ಮಾರ್ಕೋನಹಳ್ಳಿಯ ಅಣೆಕಟ್ಟು ಕಟ್ಟಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ನಡುವೆ 139 ಮೀಟರ್ ಕಲ್ಲುಕಟ್ಟಡ, ಎರಡೂ ಬದಿಗೆ ಸೇರಿ 1,470 ಮೀಟರ್ ಮಣ್ಣಿನ ಏರಿ. ಸುಮಾರು 2.4 ಟಿಎಂಸಿ ನೀರು ಹಿಡಿಯುವ ಇದರಿಂದ 6,070 ಹೆಕ್ಟೇರ್‌ಗಳಿಗೆ ನೀರುಣಿಸಬಹುದು. ಇದರ ವಿಶೇಷ ಸ್ವಯಂಚಾಲಿತ ಸೈಫನ್. ಮೈಸೂರಿನ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಈ ವ್ಯವಸ್ಥೆಯಲ್ಲಿ ಬಾಗಿಲು ಎತ್ತುವ ಕೆಲಸವಿಲ್ಲ. ಜಲಾಶಯದೊಳಗೆ ನೆಟ್ಟಗೆ ನಿಲ್ಲಿಸಿದ ದೊಡ್ಡ ಕೊಳವೆಯ ಬಾಯಿ ಆಲಿಕೆಯ ಹಾಗೆ ಅಗಲವಾಗಿದ್ದು, ಅದರ ಮೇಲೆ ಗುಮ್ಮಟ ಮುಚ್ಚಿರುತ್ತದೆ. ನೀರು ನಿಗದಿತ ಮಟ್ಟ ಮೀರಿದಾಗ ಅಂಚು ದಾಟಿ ಒಳಗೆ ಸುರುಳಿ ಸುತ್ತುತ್ತ ಇಳಿದು ಕೊಳವೆಯ ಗಾಳಿಯನ್ನು ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾದೊಡನೆ ಕೊಳವೆ ತುಂಬಿ ಭೋರೆಂದು ಹರಿಯತೊಡಗುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕರೆ ತಾನಾಗಿ ನಿಲ್ಲುತ್ತದೆ. ಯಾರೂ ನಿಲ್ಲಿಸದೆ, ಯಾರೂ ಬಿಡದೆ ಹೀಗೆ ಒಮ್ಮೆಲೇ ನುಗ್ಗುವ ನೀರು ನೋಡಲು ಬರುವವರಿಗೆ ಅಪಾಯಕಾರಿ, ಮಳೆಗಾಲದಲ್ಲಿ ಕೆಳಗಿನ ಹೊಳೆಗೆ ಇಳಿಯಲೇಬಾರದು. ನಾಗಿನಿಗೆ ಅಡ್ಡಲಾಗಿ ಮಂಗಳಾ ಜಲಾಶಯವಿದೆ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಂ ಕೂಡ ಈ ಸೀಮೆಯ ಹುಲ್ಲು ನೀರುಗಳ ಬಲದಿಂದಲೇ ನಿಂತದ್ದು.

ತುಮಕೂರು ನಗರ ಮತ್ತು ಹೊರಗಿನಿಂದ ಬಂದ ನೀರು

ತುಮಕೂರು ಬೆಟ್ಟದ ಬುಡದ ಊರಾದ್ದರಿಂದ ಸುತ್ತ ಕೆರೆಗಳಿಗೆ ಕೊರತೆಯಿಲ್ಲ. ಅಮಾನಿಕೆರೆ ನಗರಕ್ಕೆ ಅಂಟಿಕೊಂಡೇ ಇದೆ. ದಕ್ಷಿಣದ ಕೈದಾಳದಲ್ಲಿ ಹೊಯ್ಸಳರ ಸಾಮಂತ ಗೂಳಿಬಾಚಿ 12ನೆಯ ಶತಮಾನದ ನಡುವೆ ಕಟ್ಟಿಸಿದ ದೇವಾಲಯವಿದೆ, ಶಿಲ್ಪಿ ಜಕಣಾಚಾರಿಯ ಕಥೆ ಅದರ ಚನ್ನಕೇಶವನ ವಿಗ್ರಹಕ್ಕೆ ಹೆಣೆದುಕೊಂಡಿದೆ. ಮೈದಾಳದ ಕೆರೆ ಒಂದು ಕಾಲಕ್ಕೆ ಪಟ್ಟಣಕ್ಕೆ ಕುಡಿಯುವ ನೀರು ಕೊಡುತ್ತಿತ್ತು. ಈಗ ನಗರ ಕುಡಿಯುವುದು ಬುಗುಡನಹಳ್ಳಿ ಕೆರೆಯ ನೀರು. ಆ ಕೆರೆಗೆ ನೀರು ಬರುವುದು ಹಾಸನ ಜಿಲ್ಲೆಯ ಗೊರೂರಿನಿಂದ, ಹೇಮಾವತಿ ನಾಲೆಯಲ್ಲಿ.

ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಅಲ್ಲಿಂದ ಹೊರಟ ನಾಲೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಸುರಂಗದಲ್ಲಿ ದಿಣ್ಣೆಯನ್ನು ಕೊರೆದು ದಾಟಿ ತುಮಕೂರು ಜಿಲ್ಲೆಗೆ ಬರುತ್ತದೆ. ಅದರ ನೀರು ಉತ್ತರಕ್ಕೆ, ಕಾವೇರಿ ಸೀಮೆಯ ಆಚೆಗಿರುವ ಕಳ್ಳಂಬೆಳ್ಳ, ಶಿರಾ ಕೆರೆಗಳಿಗೂ ಹೋಗಿದೆ. ಕಣಿವೆಯ ಲೆಕ್ಕವನ್ನೇ ಇದು ಬದಲಿಸಿತು. ಮೊದಲು ಕೆರೆ ತುಂಬಬೇಕಾದರೆ ತಮ್ಮ ಬೆಟ್ಟಕ್ಕೆ ಮಳೆಯಾಗಬೇಕಿತ್ತು, ತಮ್ಮ ಹಳ್ಳ ಹೂಳಿಲ್ಲದೆ ಹರಿಯಬೇಕಿತ್ತು. ಈಗ ಗೊರೂರಿನಲ್ಲಿ ನೀರಿದ್ದು ನಾಲೆಗೆ ಬಿಟ್ಟರೆ ಸಾಕು. ಹಾಗಾಗಿ ಹಳ್ಳದ ಮೇಲಿನ ಕಾಳಜಿ ಸಡಿಲಿತು. ರಾಜಕಾಲುವೆಗಳ ಮೇಲೆ ಮನೆಗಳೆದ್ದವು, ಜಲಾನಯನ ಪ್ರದೇಶದಲ್ಲಿ ನೀಲಗಿರಿ ಬೆಳೆಯಿತು, ಶಿಂಷೆಯ ಮರಳು ಲಾರಿ ಹತ್ತಿತು. ಕೊಳವೆಬಾವಿ ಬಂದ ಮೇಲೆ ಅಡಿಕೆ ತಗ್ಗು ಬಿಟ್ಟು ದಿಣ್ಣೆಗೂ ಹತ್ತಿತು. ರಾಗಿಯ ಹೊಲದಲ್ಲಿ ಅಡಿಕೆ ಹಾಕಿದ ರೈತನನ್ನು ದೂರುವುದು ಸುಲಭ, ರಾಗಿಗೆ ಸಿಗುವ ಬೆಲೆಯಲ್ಲಿ ಮಕ್ಕಳನ್ನು ಓದಿಸಲಾಗದೆಂಬುದು ಅವನ ಉತ್ತರ, ಅದು ನಿಜವೂ ಹೌದು. ನಗರದ ಒಳಚರಂಡಿ ನೀರಿನ ಶುದ್ಧೀಕರಣ ಘಟಕ ಇರುವುದು ಭೀಮಸಂದ್ರ ಕೆರೆಯ ಬಳಿ. ಮೇಲಿನವರ ಕೋಡಿ ನೀರು ಕೆಳಗಿನವರಿಗೆ ಎನ್ನುವ ಹಳೆಯ ನಿಯಮ ಕೊಳೆನೀರಿಗೂ ಅನ್ವಯಿಸುತ್ತದೆ, ಅದರ ಪಾಡು ಕೆಳಗಿನ ಹಳ್ಳಿಗಳದು.

ಹೇಮಾವತಿಯ ಹಂಚಿಕೆಯೇ ಈಗ ತಾಲ್ಲೂಕುಗಳ ನಡುವಿನ ವ್ಯಾಜ್ಯ. ನಾಲೆಯ ಕೊನೆಯಲ್ಲಿರುವ ಕುಣಿಗಲ್‌ಗೆ ತನ್ನ ಪಾಲು ತಲುಪುತ್ತಿಲ್ಲವೆಂಬ ದೂರು ಹಳೆಯದು. ಮೇಲ್ಭಾಗದಿಂದಲೇ ಕೊಳವೆಯಲ್ಲಿ ಕುಣಿಗಲ್, ಮಾಗಡಿಗಳ ಕಡೆಗೆ ನೀರೊಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯನ್ನು ಸರ್ಕಾರ ಕೈಗೆತ್ತಿಕೊಂಡಾಗ ಗುಬ್ಬಿ, ತುರುವೇಕೆರೆ, ತುಮಕೂರಿನ ರೈತರು ತಮ್ಮ ನಾಲೆ ಒಣಗುವುದೆಂದು ಎದ್ದರು. 2024 ಮತ್ತು 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಗಳು ನಡೆದವು. ಎರಡೂ ಕಡೆಯವರ ಆತಂಕಕ್ಕೆ ಆಧಾರವಿದೆ. ಗುಬ್ಬಿ ಮತ್ತು ಕುಣಿಗಲ್ ಒಂದೇ ಶಿಂಷೆಯ ಮೇಲಿನ ಊರುಗಳು ಎಂಬುದು ಮಾತ್ರ ಈ ವಾದಗಳಲ್ಲಿ ಅಪರೂಪಕ್ಕೆ ಕೇಳಿಬರುತ್ತದೆ. ಶಿಂಷೆಯ ಸ್ವಂತ ನೀರು ಎಷ್ಟು, ಅದರ ಹಳ್ಳಗಳನ್ನು ಬಿಡಿಸಿದರೆ ಕೆರೆಗಳಿಗೆ ಎಷ್ಟು ಬಂದೀತು ಎಂಬ ಲೆಕ್ಕ ನಾಲೆಯ ಲೆಕ್ಕದ ಜತೆಗೇ ಮೇಜಿನ ಮೇಲೆ ಬರಬೇಕಾದದ್ದು.

ಕೆರೆಗಳ ದುರಸ್ತಿಯ ಪ್ರಯತ್ನಗಳೂ ನಡೆದಿವೆ. 2002ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಶುರುವಾದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆಯಲ್ಲಿ ತುಮಕೂರು ಜಿಲ್ಲೆಯೂ ಸೇರಿತ್ತು. ಆಗ ಹಳ್ಳಿಗಳಲ್ಲಿ ಕೆರೆ ಬಳಕೆದಾರರ ಸಂಘಗಳು ಹುಟ್ಟಿದವು. ಹೂಳೆತ್ತಿದ ಗೋಡನ್ನು ರೈತರು ಗಾಡಿ, ಟ್ರ್ಯಾಕ್ಟರುಗಳಲ್ಲಿ ಹೊಲಕ್ಕೆ ಸಾಗಿಸಿದರೆ ಕೆರೆಗೂ ಆಳ, ಹೊಲಕ್ಕೂ ಸತ್ವ. ಆದರೆ ಕೆರೆಯೊಂದನ್ನೇ ಹಿಡಿದು ದುರಸ್ತಿ ಮಾಡಿದ ಕಡೆ ಫಲ ಹೆಚ್ಚು ದಿನ ನಿಲ್ಲಲಿಲ್ಲ. ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಯ ಬಾಯಿಯವರೆಗಿನ ಹಳ್ಳ ಒತ್ತುವರಿಯಾಗಿದ್ದರೆ ಎಷ್ಟು ಹೂಳು ತೆಗೆದರೂ ನೀರು ಬರುವುದಿಲ್ಲ. ಸರ್ವೆ ಇಲಾಖೆಯ ಹಳೆಯ ಗ್ರಾಮನಕ್ಷೆಗಳಲ್ಲಿ ಆ ಹಳ್ಳಗಳೆಲ್ಲ ಗೆರೆಗೆರೆಯಾಗಿ ಗುರುತಾಗಿವೆ. ಗುಬ್ಬಿ, ಕುಣಿಗಲ್ ತಾಲ್ಲೂಕು ಕಚೇರಿಗಳಲ್ಲಿ ಒತ್ತುವರಿ ತೆರವಿನ ಕೆಲಸ ಯಾವ ಊರಿನಿಂದ ಶುರುವಾಗಬೇಕಾದರೂ ಮೊದಲು ಬಿಚ್ಚುವುದು ಅದೇ ನಕ್ಷೆಯನ್ನು.